ಅವಧಿಗೆ ಮುಂಚೆ ಬಾಡಿಗೆ ಮನೆ ಬಿಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ವಾಸಕ್ಕೆಂದು ಬಾಡಿಗೆಗೆ ಪಡೆದ ಮನೆಯನ್ನು ಕರಾರಿನ ಅವಧಿ ಮುಗಿಯುವ ಮೊದಲೇ ಬಿಡಬೇಕಾದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಉತ್ತರ ಪೂರ್ತಿ ಸಿಗುತ್ತದೆ. ಕೈಯಲ್ಲಿ ನಿಮ್ಮ ಕರಾರು ಪತ್ರ ಇಟ್ಟುಕೊಂಡು ಓದಿ. ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.

## ಮೊದಲ ಪ್ರಶ್ನೆಗಳು

ಹನ್ನೊಂದು ತಿಂಗಳ ಅಗ್ರಿಮೆಂಟ್ ಇದೆ. ಐದನೇ ತಿಂಗಳಿಗೇ ಮನೆ ಖಾಲಿ ಮಾಡಬಹುದಾ?

ಪತ್ರದಲ್ಲಿ ಮೂರು ಸಾಲು ಹುಡುಕಿ. ಒಂದು, ನೋಟಿಸ್ ಅವಧಿ: ‘ಎರಡೂ ಕಡೆಯವರು ಒಂದು ತಿಂಗಳ ಮುನ್ಸೂಚನೆ ಕೊಟ್ಟು ಕರಾರು ಕೊನೆಗೊಳಿಸಬಹುದು’ ಎಂಬಂಥದ್ದು. ಎರಡು, ಲಾಕ್-ಇನ್: ಇಷ್ಟು ತಿಂಗಳ ತನಕ ಬಿಡುವಂತಿಲ್ಲ ಎಂಬುದು. ಮೂರು, ಅವಧಿಗೆ ಮೊದಲು ಬಿಟ್ಟರೆ ಅಡ್ವಾನ್ಸ್‌ನಲ್ಲಿ ಏನು ಮುರಿದುಕೊಳ್ಳುತ್ತಾರೆ ಎಂಬುದು.

ನೋಟಿಸ್ ಸಾಲು ಇದ್ದು ಲಾಕ್-ಇನ್ ಇಲ್ಲದಿದ್ದರೆ ನೋಟಿಸ್ ಕೊಟ್ಟು ಹೊರಡಬಹುದು. ಉಳಿದ ಆರು ತಿಂಗಳ ಬಾಡಿಗೆ ಕೇಳುವ ಹಕ್ಕು ಮಾಲೀಕರಿಗೆ ಇಲ್ಲ. ಎರಡೂ ಇಲ್ಲದೆ ‘ಹನ್ನೊಂದು ತಿಂಗಳು’ ಎಂದಷ್ಟೇ ಬರೆದಿದ್ದರೆ ಲೆಕ್ಕ ಬೇರೆ. ಹಾಗೆ ನಿಗದಿಯಾದ ಅವಧಿಯನ್ನು ಬಾಡಿಗೆದಾರ ಒಬ್ಬನೇ ಮನಸ್ಸು ಬದಲಿಸಿ ಮುರಿಯಲು ಕಾನೂನು ದಾರಿ ಕೊಟ್ಟಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 111 ಗೇಣಿ ಅಥವಾ ಬಾಡಿಗೆ ಕೊನೆಯಾಗುವ ಬಗೆಗಳನ್ನು ಪಟ್ಟಿ ಮಾಡುತ್ತದೆ: ಅವಧಿ ತೀರುವುದು, ಇಬ್ಬರೂ ಒಪ್ಪಿ ಬಿಟ್ಟುಕೊಡುವುದು, ಮಾಲೀಕರು ಒಪ್ಪಿ ಸ್ವಾಧೀನ ತೆಗೆದುಕೊಳ್ಳುವುದು, ನೋಟಿಸ್ ಅನ್ವಯಿಸುವ ಕಡೆ ಅದರ ಗಡುವು ಮುಗಿಯುವುದು ಇತ್ಯಾದಿ. ಆಗ ಮಾತಾಡಿ ಒಪ್ಪಿಸುವುದೇ ದಾರಿ. ಹನ್ನೊಂದು ತಿಂಗಳ ಕರಾರಿನಲ್ಲಿ ಅದು ಸಾಮಾನ್ಯವಾಗಿ ಕಷ್ಟವಾಗುವುದಿಲ್ಲ.

ಅಗ್ರಿಮೆಂಟೇ ಮಾಡಿಸಿಲ್ಲ, ಬಾಯಿಮಾತಲ್ಲೇ ಇದ್ದೇವೆ. ನಮಗೆ ಯಾವ ನಿಯಮ?

ಬಾಯಿಮಾತಿನ ಬಾಡಿಗೆಯೂ ಕಾನೂನಿನ ಕಣ್ಣಿಗೆ ಬಾಡಿಗೆಯೇ. ಅದನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು ಎಣಿಸುತ್ತಾರೆ. ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 106ರ ಪ್ರಕಾರ ಯಾವ ಕಡೆಯವರಾದರೂ 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಮುಗಿಸಬಹುದು. ಈ 15 ದಿನ ನೋಟಿಸ್ ತಲುಪಿದ ದಿನದಿಂದ ಲೆಕ್ಕ, ಬರೆದ ದಿನದಿಂದ ಅಲ್ಲ. ಬಾಡಿಗೆ ತಿಂಗಳ ಕೊನೆಗೇ ನೋಟಿಸ್ ಮುಗಿಯಬೇಕು ಎಂಬ ಹಳೆಯ ನಿಯಮ 2003ರ ತಿದ್ದುಪಡಿಯಲ್ಲಿ ಹೋಯಿತು, ಆದರೂ ಅನೇಕ ಮಾಲೀಕರು ಈಗಲೂ ಅದನ್ನೇ ಹೇಳುತ್ತಾರೆ.

ಕರ್ನಾಟಕ ರೆಂಟ್ ಆಕ್ಟ್ ನಮ್ಮನ್ನು ಕಾಪಾಡಲ್ವಾ?

ಬಹುಪಾಲು ಜನರಿಗೆ ಅದು ಅನ್ವಯವೇ ಆಗುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯಿದೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಇತರ ಕಡೆ 2,000 ರೂಪಾಯಿ ಮೀರಿದ ಕಟ್ಟಡಗಳನ್ನು ಹೊರಗಿಡುತ್ತದೆ. ಇಂದಿನ ಬಾಡಿಗೆಗಳಲ್ಲಿ ಆ ಮಿತಿಯೊಳಗೆ ಬರುವ ಮನೆ ಅಪರೂಪ. ಹೀಗಾಗಿ ನಿಮ್ಮ ವಿಷಯ ತೀರ್ಮಾನವಾಗುವುದು ಸ್ವತ್ತು ವರ್ಗಾವಣೆ ಕಾಯಿದೆ, 1872ರ ಕರಾರು ಕಾಯಿದೆ ಮತ್ತು ನೀವು ಸಹಿ ಹಾಕಿದ ಪತ್ರದ ಮೇಲೆ.

‘ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ’ ಎಂಬುದೂ ಓಡಾಡುವ ಮಾತು. ಅದು 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿರುವ ಮಿತಿ. ಮಾದರಿ ಎಂದರೆ ಮಾದರಿ; ರಾಜ್ಯ ತಾನೇ ಕಾನೂನು ಮಾಡದ ಹೊರತು ಅದನ್ನು ಹಿಡಿದು ವಾದಿಸಲಾಗದು.

ಪಿಜಿಯಲ್ಲಿದ್ದೇನೆ. ಇದೇ ನಿಯಮಗಳಾ?

ಅಲ್ಲ. ಪಿಜಿ, ಹಾಸ್ಟೆಲುಗಳಲ್ಲಿ ನಿಮಗೆ ಸಾಮಾನ್ಯವಾಗಿ ಇರುವುದು ವಾಸದ ಅನುಮತಿ ಮಾತ್ರ, ಕೋಣೆಯ ಮೇಲಿನ ಹಕ್ಕಲ್ಲ. ಸೇರುವಾಗ ಸಹಿ ಹಾಕಿದ ಫಾರಂನಲ್ಲಿರುವ ನೋಟಿಸ್ ದಿನಗಳೇ ಲೆಕ್ಕ. ಆದರೆ ಒಂದಿಡೀ ಮನೆಯನ್ನು ನಿಮ್ಮೊಬ್ಬರ ಸ್ವಾಧೀನಕ್ಕೆ ಕೊಟ್ಟು, ಪತ್ರದ ತಲೆಯ ಮೇಲೆ ‘ಲೈಸೆನ್ಸ್’ ಎಂದು ಬರೆದುಬಿಟ್ಟರೆ ಅದು ಲೈಸೆನ್ಸ್ ಆಗುವುದಿಲ್ಲ. ಹೆಸರಿಗಿಂತ ಒಳಗಿನ ಏರ್ಪಾಡೇ ಮುಖ್ಯ ಎಂಬುದು 1959ರಿಂದಲೂ ಸುಪ್ರೀಂ ಕೋರ್ಟಿನ ನಿಲುವು.

## ನೋಟಿಸ್ ಕೊಡುವುದು

ವಾಟ್ಸಾಪ್‌ನಲ್ಲಿ ಹೇಳಿದ್ದೀನಿ, ಅವರು ‘ಓಕೆ’ ಅಂದಿದ್ದಾರೆ. ಸಾಕಲ್ವಾ?

ಸಂಬಂಧ ಚೆನ್ನಾಗಿರುವವರೆಗೆ ಸಾಕು, ಕೆಟ್ಟ ದಿನ ಸಾಲದು. ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 106 ಕೇಳುವುದು ಬರಹದಲ್ಲಿರುವ, ಸಹಿ ಇರುವ ನೋಟಿಸ್. ಅದನ್ನು ಅಂಚೆಯಲ್ಲಿ ಕಳಿಸಬಹುದು, ಮಾಲೀಕರ ಕೈಗೇ ಕೊಡಬಹುದು, ಅವರ ಮನೆಯಲ್ಲಿ ಕುಟುಂಬದವರಿಗೆ ಅಥವಾ ಕೆಲಸದವರಿಗೆ ಕೊಡಬಹುದು. ಇದ್ಯಾವುದೂ ಆಗದಿದ್ದರೆ ಸ್ವತ್ತಿನ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು. ಕರಾರಿನಲ್ಲಿ ‘ಇಮೇಲ್ ಮೂಲಕ ನೋಟಿಸ್ ಕೊಡಬಹುದು’ ಎಂದಿದ್ದರೆ ಇಮೇಲೂ ನಡೆಯುತ್ತದೆ.

ಸರಿಯಾದ ಕ್ರಮ ಇದು: ಕಾಗದದಲ್ಲಿ ಬರೆದು ಸಹಿ ಮಾಡಿ, ಕರಾರಿನಲ್ಲಿರುವ ಮಾಲೀಕರ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. (ನೋಂದಾಯಿತ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಲಾಗಿದೆ, ನೋಂದಣಿ ಸೌಲಭ್ಯವನ್ನು ಕೇಳಿ ಪಡೆಯಿರಿ.) ರಸೀದಿ ಮತ್ತು ತಲುಪಿದ ವಿವರದ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಅದೇ ಕಾಗದದ ಫೋಟೋವನ್ನು ವಾಟ್ಸಾಪ್‌ಗೂ ಹಾಕಿ. ಮುಂದೆ ಆ ಸಂದೇಶವನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ತೋರಿಸಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಹಾಗಾಗಿ ಆ ಚಾಟ್ ಅಳಿಸಬೇಡಿ, ಫೋನ್ ಬದಲಿಸಿದರೆ ಹಳೆಯದನ್ನು ಕಾಪಾಡಿ.

ನೋಟಿಸ್‌ನಲ್ಲಿ ಏನೇನು ಬರೀಬೇಕು? ವಕೀಲರೇ ಬೇಕಾ?

ವಕೀಲರು ಬೇಕಿಲ್ಲ. ಮನೆಯ ಪೂರ್ಣ ವಿಳಾಸ, ಕರಾರಿನ ದಿನಾಂಕ, ಯಾವ ಷರತ್ತಿನಂತೆ ಕೊನೆಗೊಳಿಸುತ್ತಿದ್ದೀರಿ, ಖಾಲಿ ಮಾಡುವ ಖಚಿತ ದಿನಾಂಕ, ಕೊಟ್ಟಿರುವ ಅಡ್ವಾನ್ಸ್ ಮೊತ್ತ, ಅದನ್ನು ಯಾವ ಬ್ಯಾಂಕ್ ಖಾತೆಗೆ ಹಾಕಬೇಕು, ಮನೆ ನೋಡಲು ಬರುವವರಿಗೆ ಯಾವ ಹೊತ್ತು ಅನುಕೂಲ: ಇಷ್ಟು ಸಾಕು. ಕಾರಣ ಬರೆಯುವುದು ಕಡ್ಡಾಯವಲ್ಲ. ‘ಮುಂದಿನ ತಿಂಗಳು ಬಿಡಬಹುದು’, ‘ಬಿಡೋ ಯೋಚನೆ ಇದೆ’ ಎಂಬ ಮಾತು ಬೇಡ. ದಿನಾಂಕ ಇಲ್ಲದ ನೋಟಿಸ್ ನೋಟಿಸೇ ಅಲ್ಲ ಎಂದು ಜಗಳ ಶುರುವಾಗುವುದು ಅಲ್ಲಿಂದಲೇ.

ಎರಡು ತಿಂಗಳ ನೋಟಿಸ್ ಇದೆ, ಆದರೆ ಹತ್ತು ದಿನದಲ್ಲಿ ಹೋಗಬೇಕು.

ಹೋಗಿ, ಆದರೆ ಕೊರತೆ ಬಿದ್ದ ದಿನಗಳ ಬಾಡಿಗೆ ನಿಮ್ಮ ಹೊಣೆ. ಅದನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವಂತೆ ನೀವೇ ಬರೆದುಕೊಟ್ಟರೆ ಮಾತು ಬೇಗ ಮುಗಿಯುತ್ತದೆ. ಆ ಎರಡು ತಿಂಗಳ ಒಳಗೇ ಹೊಸಬರು ಬಂದು ಬಾಡಿಗೆ ಶುರುವಾದರೆ ಅಲ್ಲಿಂದಾಚೆಗಿನ ಹಣ ವಾಪಸ್ ಎಂಬ ಸಾಲನ್ನೂ ಸೇರಿಸಿ. ಒಂದೇ ಮನೆಗೆ ಇಬ್ಬರಿಂದ ಬಾಡಿಗೆ ಪಡೆಯಲು ಯಾವ ಸಮರ್ಥನೆಯೂ ಇಲ್ಲ.

## ಲಾಕ್-ಇನ್ ಮತ್ತು ನಷ್ಟದ ಲೆಕ್ಕ

ಲಾಕ್-ಇನ್ ಇನ್ನೂ ಏಳು ತಿಂಗಳಿದೆ. ಏಳೂ ತಿಂಗಳ ಬಾಡಿಗೆ ಕೊಡಲೇಬೇಕಾ?

ಹೆಚ್ಚು ಜನ ಹೆದರಿ ಹಣ ಕಳೆದುಕೊಳ್ಳುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕು.

ಲಾಕ್-ಇನ್ ಮುರಿಯುವುದು ಕರಾರು ಉಲ್ಲಂಘನೆ, ಅದರಲ್ಲಿ ಅನುಮಾನವಿಲ್ಲ. ಉಲ್ಲಂಘನೆಗೆ ಪರಿಹಾರ ಎಷ್ಟು ಎಂಬುದನ್ನು ಮಾತ್ರ ಮಾಲೀಕರ ಮಾತು ತೀರ್ಮಾನಿಸುವುದಿಲ್ಲ, ಕರಾರು ಕಾಯಿದೆಯ ಕಲಂ 73 ಮತ್ತು 74 ತೀರ್ಮಾನಿಸುತ್ತವೆ. ಕಲಂ 74 ಹೇಳುವುದೇನೆಂದರೆ, ಪತ್ರದಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕಲಂ 73ರ ವಿವರಣೆಯಂತೆ, ನಷ್ಟ ತಗ್ಗಿಸಲು ಮಾಲೀಕರಿಗೆ ಯಾವ ದಾರಿಗಳಿದ್ದವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂದರೆ ಮನೆಗೆ ಬೀಗ ಹಾಕಿ ಏಳು ತಿಂಗಳು ಸುಮ್ಮನೆ ಕೂತು ಬಿಲ್ ಕಳಿಸುವಂತಿಲ್ಲ.

ಒಂದು ಲೆಕ್ಕ. ಬಾಡಿಗೆ 20,000, ಉಳಿದದ್ದು 7 ತಿಂಗಳು. ಕಾಗದದ ಮೇಲೆ 1,40,000. ನೀವು ಹೋದ ಒಂದೂವರೆ ತಿಂಗಳಿಗೆ ಹೊಸ ಬಾಡಿಗೆದಾರ ಅಷ್ಟೇ ಬಾಡಿಗೆಗೆ ಬಂದ. ನಿಜವಾದ ನಷ್ಟ 30,000, ಜೊತೆಗೆ ಮಾಲೀಕರು ಕೊಟ್ಟ ದಲ್ಲಾಳಿ ಕಮಿಷನ್ ಇದ್ದರೆ ಅದು. ಹೊಸಬ 22,000ಕ್ಕೆ ಬಂದಿದ್ದರೆ ನಷ್ಟ ಇನ್ನೂ ಕಡಿಮೆ ಎಂದು ವಾದಿಸಲು ಜಾಗವಿದೆ. ಹಾಗಾಗಿ ಬಿಟ್ಟ ಮೇಲೂ ಮನೆ ಯಾವಾಗ ಭರ್ತಿಯಾಯಿತು ಎಂಬುದರ ಮೇಲೆ ಕಣ್ಣಿಡಿ. ಬಾಡಿಗೆಗಿದೆ ಎಂಬ ಜಾಹೀರಾತಿನ ದಿನಾಂಕವಿರುವ ಸ್ಕ್ರೀನ್‌ಶಾಟ್ ಒಳ್ಳೆಯ ಸಾಕ್ಷ್ಯ.

ಅಡಚಣೆ ಇರುವುದು ವ್ಯವಹಾರದಲ್ಲಿ: ಅಡ್ವಾನ್ಸ್ ಅವರ ಕೈಯಲ್ಲಿದೆ. ಕಾನೂನು ನಿಮ್ಮ ಕಡೆ ಇದ್ದರೂ ವಸೂಲಿಗೆ ಓಡಾಡಬೇಕಾದವರು ನೀವು. ಒಂದೆರಡು ತಿಂಗಳ ಬಾಡಿಗೆ ಬಿಟ್ಟುಕೊಟ್ಟು ಬರಹದಲ್ಲಿ ಮುಗಿಸುವುದು ಅನೇಕ ಸಲ ಜಾಣತನ.

ಮೂರು ವರ್ಷದ ಕರಾರು, ನೋಟರಿ ಮಾಡಿಸಿದ್ದೇವೆ, ರಿಜಿಸ್ಟರ್ ಆಗಿಲ್ಲ. ಲಾಕ್-ಇನ್ ಕಟ್ಟುತ್ತದಾ?

ನೋಟರಿ ಮುದ್ರೆ ನೋಂದಣಿ ಅಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 107, 1908ರ ನೋಂದಣಿ ಕಾಯಿದೆಯ ಕಲಂ 17 ಎರಡೂ ಅದನ್ನೇ ಹೇಳುತ್ತವೆ. ಹನ್ನೊಂದು ತಿಂಗಳ ಪದ್ಧತಿ ಹುಟ್ಟಿದ್ದೇ ಇದರಿಂದ ತಪ್ಪಿಸಿಕೊಳ್ಳಲು. ನೋಂದಣಿಯಾಗದ ಪತ್ರದ ಷರತ್ತುಗಳನ್ನು ಸಾಕ್ಷ್ಯವಾಗಿ ಮುಂದಿಡಲು ನೋಂದಣಿ ಕಾಯಿದೆಯ ಕಲಂ 49 ಅಡ್ಡಿ. ಆದರೆ ನೀವು ವಾಸವಿದ್ದು ಬಾಡಿಗೆ ಕೊಟ್ಟಿರುವುದು ನಿಜ, ಹಾಗಾಗಿ ಅದು ತಿಂಗಳಿಂದ ತಿಂಗಳಿನ ಬಾಡಿಗೆಯಾಗಿ ನಿಲ್ಲುತ್ತದೆ. ಸುಪ್ರೀಂ ಕೋರ್ಟ್ 2000ದಲ್ಲಿ ಆಂಟನಿ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಫಲ: ಮೂರು ವರ್ಷದ ಅವಧಿಯನ್ನೂ ಅದರ ಲಾಕ್-ಇನ್ ಅನ್ನೂ ನಿಮ್ಮ ಮೇಲೆ ಹೇರುವುದು ಮಾಲೀಕರಿಗೆ ಬಹಳ ಕಷ್ಟ, 15 ದಿನಗಳ ನೋಟಿಸ್ ಸಾಕಾಗುತ್ತದೆ.

ಇದು ಎರಡು ಅಲಗಿನ ಕತ್ತಿ. ಮಾಲೀಕರೂ ನಿಮ್ಮನ್ನು 15 ದಿನಗಳ ನೋಟಿಸ್ ಮೇಲೆ ಬಿಡಿಸಬಹುದು. ಇನ್ನು ಛಾಪಾ ಶುಲ್ಕ ಕಡಿಮೆ ಬಿದ್ದ ಪತ್ರವನ್ನು ಕೋರ್ಟಿಗೆ ಹಾಜರುಪಡಿಸಿದರೆ ಅದನ್ನು ಮುಟ್ಟುಗೋಲು ಹಾಕಿಕೊಂಡು, ಕೊರತೆಯ ಶುಲ್ಕದ ಜೊತೆ ದಂಡ ಕೇಳುತ್ತಾರೆ. ಹತ್ತು ಸಾವಿರದ ಜಗಳಕ್ಕೆ ಇಂಥ ಪತ್ರ ಹಿಡಿದು ಹೋಗುವ ಮೊದಲು ಇಬ್ಬರೂ ಯೋಚಿಸಬೇಕು.

ಕೆಲಸ ಹೋಯ್ತು / ಬೇರೆ ಊರಿಗೆ ವರ್ಗವಾಯ್ತು. ಇದಕ್ಕೆ ವಿನಾಯಿತಿ ಇಲ್ವಾ?

ಕಾನೂನಿನಲ್ಲಿ ತಾನಾಗಿ ಸಿಗುವ ವಿನಾಯಿತಿ ಇಲ್ಲ. ‘ನೆರವೇರಿಸಲು ಅಸಾಧ್ಯವಾಯಿತು’ ಎಂಬ ಕರಾರು ಕಾಯಿದೆಯ ಕಲಂ 56 ಈಗಾಗಲೇ ಸ್ವಾಧೀನ ಕೊಟ್ಟ ಬಾಡಿಗೆಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ತೀರ್ಮಾನಿಸಿದೆ. ಕೋವಿಡ್ ಕಾಲದಲ್ಲೂ ಬಾಡಿಗೆ ಮನ್ನಾ ಕೇಳಿದವರಿಗೆ ಇದೇ ತೀರ್ಪು ಅಡ್ಡ ಬಂತು. ಹೊಸ ಕರಾರಿಗೆ ಸಹಿ ಹಾಕುವವರು ‘ಲಿಖಿತ ವರ್ಗಾವಣೆ ಆದೇಶ ತೋರಿಸಿದರೆ ಲಾಕ್-ಇನ್ ಅನ್ವಯಿಸದು’ ಎಂಬ ಒಂದು ಸಾಲು ಸೇರಿಸಿಕೊಳ್ಳಿ. ಸಹಿಗೆ ಮೊದಲು ಕೇಳಿದರೆ ಬೇಡ ಎನ್ನುವವರು ಕಡಿಮೆ.

ನಾನೇ ಬೇರೆ ಬಾಡಿಗೆದಾರರನ್ನು ಹುಡುಕಿಕೊಟ್ಟರೆ?

ಎಲ್ಲಕ್ಕಿಂತ ಅಗ್ಗದ ದಾರಿ. ಮಾಲೀಕರು ಅವರನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಅದೇ ಬಾಡಿಗೆ, ಅದೇ ಅಡ್ವಾನ್ಸ್ ಕೊಡಲು ಸಿದ್ಧರಿರುವವರನ್ನು ಕಾರಣವಿಲ್ಲದೆ ತಿರಸ್ಕರಿಸಿದರೆ ಅವರ ನಷ್ಟದ ವಾದ ಸಡಿಲವಾಗುತ್ತದೆ. ಕರೆತಂದವರ ವಿವರವನ್ನು ಬರಹದಲ್ಲಿ ಕಳಿಸಿ. ಹೊಸಬರ ಕರಾರು ಮಾಲೀಕರ ಜೊತೆ ನೇರವಾಗಿ ಆಗಲಿ. ಒಳಬಾಡಿಗೆಗೆ ಕೊಟ್ಟು ಹೋದರೆ ಅವರು ಬಾಡಿಗೆ ಕಟ್ಟದ ದಿನ ಉತ್ತರ ಹೇಳಬೇಕಾದವರು ನೀವೇ, ಮೇಲಾಗಿ ಹೆಚ್ಚಿನ ಕರಾರುಗಳಲ್ಲಿ ಒಳಬಾಡಿಗೆ ನಿಷಿದ್ಧ.

ಮಳೆಗಾಲದಲ್ಲಿ ಮನೆ ಸೋರುತ್ತೆ, ರಿಪೇರಿ ಮಾಡಿಸ್ತಿಲ್ಲ. ಅದೇ ಕಾರಣಕ್ಕೆ ಬಿಡಬಹುದಾ?

ಬೆಂಕಿ, ಬಿರುಗಾಳಿ, ನೆರೆಯಂಥದ್ದರಿಂದ ಮನೆಯ ಮುಖ್ಯ ಭಾಗ ಹಾಳಾಗಿ ವಾಸಕ್ಕೆ ಶಾಶ್ವತವಾಗಿ ಯೋಗ್ಯವಲ್ಲದಂತಾದರೆ ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 108ರ ಪ್ರಕಾರ ಬಾಡಿಗೆಯನ್ನು ರದ್ದು ಮಾಡುವ ಆಯ್ಕೆ ನಿಮ್ಮದು. ಸೋರಿಕೆ ಅಷ್ಟು ದೊಡ್ಡ ಕಾರಣವಾಗದು. ಅದಕ್ಕೆ ಇರುವ ಪರಿಹಾರ ಬೇರೆ: ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯಾಗಿದ್ದರೆ ಲಿಖಿತವಾಗಿ ತಿಳಿಸಿ, ಸಾಕಷ್ಟು ಸಮಯ ಕೊಟ್ಟು, ಆಮೇಲೂ ಮಾಡದಿದ್ದರೆ ನೀವೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆಯಬಹುದು. ದುರಸ್ತಿ ಯಾರದು ಎಂಬುದಕ್ಕೆ ಮತ್ತೆ ಕರಾರನ್ನೇ ನೋಡಬೇಕು. ಹೇಳದೆ ಮಾಡಿಸಿ ಬಾಡಿಗೆ ಕಡಿತ ಮಾಡಿದರೆ ಬಾಕಿದಾರರಾಗುವುದು ನೀವು.

## ಕೀ ಮತ್ತು ಅಡ್ವಾನ್ಸ್

ಬೀಗ ಹಾಕಿ, ಕೀ ಪಕ್ಕದ ಮನೆಯಲ್ಲಿ ಕೊಟ್ಟು ಬಂದಿದ್ದೇನೆ. ಮುಗಿಯಿತಲ್ಲ?

ಮುಗಿದಿಲ್ಲ. ಸಾಮಾನು ಸಾಗಿಸಿದ ದಿನಕ್ಕೆ ಬಾಡಿಗೆ ನಿಲ್ಲುವುದಿಲ್ಲ. ಖಾಲಿ ಸ್ವಾಧೀನ ಮಾಲೀಕರಿಗೆ ಮರಳಿದ ದಿನಕ್ಕೆ ನಿಲ್ಲುತ್ತದೆ. ಒಳಗೆ ಒಂದು ಬೀರು ಉಳಿದಿದ್ದರೂ ‘ಇನ್ನೂ ಖಾಲಿ ಮಾಡಿಲ್ಲ’ ಎಂಬ ವಾದಕ್ಕೆ ಅವಕಾಶ. ಕೀ ಕೊಡುವ ದಿನ ಎರಡು ಪ್ರತಿ ಸ್ವಾಧೀನ ರಸೀದಿ ಮಾಡಿ: ದಿನಾಂಕ, ಎಷ್ಟು ಕೀ, ವಿದ್ಯುತ್ ಮೀಟರ್ ರೀಡಿಂಗ್, ನೀರು ಮತ್ತು ನಿರ್ವಹಣೆ ಶುಲ್ಕ ಎಲ್ಲಿಯವರೆಗೆ ಕಟ್ಟಿದೆ, ಅಡ್ವಾನ್ಸ್‌ನಲ್ಲಿ ಮುರಿದದ್ದೆಷ್ಟು, ಉಳಿದದ್ದು ಯಾವತ್ತು ಬರುತ್ತದೆ, ‘ಇನ್ನು ಪರಸ್ಪರ ಯಾವ ಬಾಕಿಯೂ ಇಲ್ಲ’ ಎಂಬ ಸಾಲು, ಇಬ್ಬರ ಸಹಿ. ಪ್ರತಿ ಕೋಣೆಯ ವಿಡಿಯೋ ತೆಗೆಯಿರಿ. ನಲ್ಲಿ, ಸಿಂಕ್, ಗೀಸರ್, ಕಿಟಕಿ ಗಾಜು ಬಿಡಬೇಡಿ. ನೀವು ಹಾಕಿಸಿದ ಫ್ಯಾನ್, ಶೆಲ್ಫ್ ಬಿಚ್ಚಿಕೊಂಡು ಹೋಗಬಹುದು, ಗೋಡೆಯನ್ನು ಮೊದಲಿದ್ದಂತೆ ಮಾಡಿಕೊಡಬೇಕು.

ಮಾಲೀಕರು ಕೀ ತಗೊಳ್ತಾನೇ ಇಲ್ಲ. ಏನು ಮಾಡೋದು?

ನೋಟಿಸ್ ಅವಧಿ ಮುಗಿದಿದೆ, ಮನೆ ಖಾಲಿಯಾಗಿದೆ ಎಂದಾದರೆ ‘ಇಂಥ ದಿನ ಇಷ್ಟು ಹೊತ್ತಿಗೆ ಕೀ ಕೊಡಲು ಬರುತ್ತೇನೆ’ ಎಂದು ಬರಹದಲ್ಲಿ ತಿಳಿಸಿ, ಸಾಕ್ಷಿಯೊಬ್ಬರ ಜೊತೆ ಹೋಗಿ. ತೆಗೆದುಕೊಳ್ಳದಿದ್ದರೆ ಅದೇ ದಿನ ಆ ಸಂಗತಿಯನ್ನು ಬರೆದು ಸ್ಪೀಡ್ ಪೋಸ್ಟ್ ಮಾಡಿ. ಸರಿಯಾಗಿ ಮುಗಿದ ಬಾಡಿಗೆಯಲ್ಲಿ ಸ್ವಾಧೀನ ಕೊಡಲು ಬಂದರೂ ನಿರಾಕರಿಸಿದವರು ಆಮೇಲಿನ ಬಾಡಿಗೆ ಕೇಳಿದರೆ ಆ ವಾದ ಕಾನೂನಿನಲ್ಲಿ ನಿಲ್ಲದು. ಲಾಕ್-ಇನ್ ಇನ್ನೂ ಬಾಕಿ ಇದ್ದರೆ ಮಾತ್ರ ಈ ಬಲ ಅಷ್ಟಿಲ್ಲ.

ಕೊನೆಯ ತಿಂಗಳುಗಳ ಬಾಡಿಗೆ ಕಟ್ಟದೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅನ್ನಬಹುದಾ?

ಅವರು ಒಪ್ಪಿದರೆ ಸರಿ, ಒಪ್ಪದಿದ್ದರೆ ನೀವು ಬಾಕಿದಾರರು. ಅಡ್ವಾನ್ಸ್ ಭದ್ರತೆಯ ಹಣ, ಮುಂಗಡ ಬಾಡಿಗೆಯಲ್ಲ. ಆದರೂ ವಾಪಸ್ ಬರುವ ನಂಬಿಕೆಯಿಲ್ಲದವರು ಇದನ್ನೇ ಮಾಡುತ್ತಾರೆ, ಮಾಲೀಕರಿಗೂ ಗೊತ್ತು. ಮಾಡುವುದಾದರೆ ಒಪ್ಪಿಗೆಯ ಒಂದು ಸಂದೇಶವನ್ನಾದರೂ ಪಡೆಯಿರಿ.

ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ತಾರಂತೆ. ಐದೇ ತಿಂಗಳು ಇದ್ದದ್ದು!

ಕರಾರಿನಲ್ಲಿ ಬರೆದಿದ್ದರೆ ಅದು ಷರತ್ತು, ಒಪ್ಪಿದ್ದೀರಿ. ಬರೆದಿಲ್ಲದಿದ್ದರೆ ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 108ರಂತೆ ಸಾಮಾನ್ಯ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ. ಮಾಸಿದ ಬಣ್ಣ ಸವಕಳಿ. ಮಕ್ಕಳು ಗೀಚಿದ ಗೋಡೆ, ಮುರಿದ ಟೈಲ್ಸ್ ಹಾನಿ. ಬಿಲ್ ಕೇಳಿ. ಐದೇ ತಿಂಗಳ ವಾಸಕ್ಕೆ ಅರ್ಧ ಖರ್ಚು ಎಂಬ ಮಾತಿಗೆ ಸಾಮಾನ್ಯವಾಗಿ ರಾಜಿಯಾಗುತ್ತದೆ.

ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ. ಪೊಲೀಸರಿಗೆ ದೂರು ಕೊಡಬಹುದಾ?

ಠಾಣೆಯಲ್ಲಿ ‘ಇದು ಸಿವಿಲ್ ವಿಷಯ’ ಎನ್ನುತ್ತಾರೆ, ಬಹುತೇಕ ಸರಿಯೇ. ಅದೇ ರೀತಿ ಅವಧಿಗೆ ಮುಂಚೆ ಮನೆ ಬಿಡುವುದೂ ಅಪರಾಧವಲ್ಲ. ಪೊಲೀಸರ ಹೆಸರು ಹೇಳಿ ಹೆದರಿಸಿದರೆ ಅಂಜಬೇಡಿ. ಮೊದಲು 15 ದಿನಗಳ ಗಡುವಿನ ನೋಟಿಸ್, ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಪೂರ್ವ ಅರ್ಜಿ. ಆ ಅರ್ಜಿ ಹೋಗುವ ಲೋಕ ಅದಾಲತ್‌ಗೆ ಕೋರ್ಟ್ ಶುಲ್ಕವಿಲ್ಲ, ಅಲ್ಲಾದ ರಾಜಿಗೆ ಡಿಕ್ರಿಯ, ಅಂದರೆ ಕೋರ್ಟ್ ತೀರ್ಪಿನ ಬಲವಿದೆ. ಮಾಲೀಕರು ಬರದಿದ್ದರೆ ಹಣ ವಸೂಲಿ ದಾವೆ. ಹಣ ಕೊಡಬೇಕಾದ ದಿನದಿಂದ 3 ವರ್ಷದೊಳಗೆ ಹೂಡಬೇಕು.

## ತೊಡಕಿನ ಸಂದರ್ಭಗಳು

ಮೂವರು ಸ್ನೇಹಿತರು ಸೇರಿ ಸಹಿ ಹಾಕಿದ್ದೇವೆ. ನಾನೊಬ್ಬ ಬಿಡ್ತಿದ್ದೀನಿ.

ಕರಾರು ಕಾಯಿದೆಯ ಕಲಂ 43ರಂತೆ ಪತ್ರದಲ್ಲಿ ಬೇರೆ ರೀತಿ ಇಲ್ಲದಿದ್ದರೆ ಮಾಲೀಕರು ಪೂರ್ತಿ ಬಾಡಿಗೆಯನ್ನು ಮೂವರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. ನೀವು ಊರು ಬಿಟ್ಟರೂ ಹೊಣೆ ಬಿಡುವುದಿಲ್ಲ. ನಿಮ್ಮ ಹೆಸರು ತೆಗೆದು ಹೊಸ ಪತ್ರ ಮಾಡಿಸಿ. ನಿಮ್ಮ ಪಾಲಿನ ಅಡ್ವಾನ್ಸ್ ಅನ್ನು ಒಳಬರುವವರಿಂದ ಪಡೆದು, ಅದನ್ನು ಮಾಲೀಕರಿಗೂ ಬರಹದಲ್ಲಿ ತಿಳಿಸಿ.

ಭೋಗ್ಯಕ್ಕೆ ಹಾಕಿಕೊಂಡಿದ್ದೇವೆ, ಎರಡು ವರ್ಷ ಬಾಕಿ ಇದೆ. ದುಡ್ಡು ಈಗಲೇ ವಾಪಸ್ ಕೇಳಬಹುದಾ?

ಕೇಳಬಹುದು, ಒತ್ತಾಯಿಸಲಾಗದು. ಅವಧಿಗೆ ಮೊದಲು ಹಣ ತಿರುಗಿಸುವ ಹೊಣೆಯನ್ನು ಪತ್ರ ಹೇರದಿದ್ದರೆ ಎಲ್ಲವೂ ಮಾಲೀಕರ ಒಪ್ಪಿಗೆ ಮೇಲೆ ನಿಂತಿದೆ. ಆ ಹಣ ಸಾಮಾನ್ಯವಾಗಿ ಆಗಲೇ ಖರ್ಚಾಗಿರುತ್ತದೆ; ಹೊಸ ಭೋಗ್ಯದಾರ ಸಿಕ್ಕಾಗಲೇ ನಿಮಗೆ ಸಿಗುವುದು. ಹಣ ಖಾತೆಗೆ ಬೀಳುವುದೂ ಕೀ ಕೊಡುವುದೂ ಒಂದೇ ಕೂತಲ್ಲಿ ಆಗಲಿ. ಮೊದಲು ಕೀ ಕೊಟ್ಟರೆ ನಿಮ್ಮ ಕೈಯಲ್ಲಿದ್ದ ಏಕೈಕ ಭದ್ರತೆ ಹೋಯಿತು. ನಗದು ಬೇಡ: 2 ಲಕ್ಷ ಅಥವಾ ಹೆಚ್ಚಿನ ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಪತ್ರ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವೂ ನೋಂದಣಿಯಾಗಬೇಕು, ಇಲ್ಲದಿದ್ದರೆ ಋಣಭಾರ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಉಳಿದೇ ಇರುತ್ತದೆ.

ಮಧ್ಯದಲ್ಲಿ ಮನೆ ಮಾರಿಬಿಟ್ಟರು. ಅಡ್ವಾನ್ಸ್ ಯಾರು ಕೊಡಬೇಕು?

ಮಾರಾಟದಿಂದ ಕರಾರು ಮುಗಿಯುವುದಿಲ್ಲ. ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 109ರಂತೆ ಕೊಂಡವರು ಹಳೆಯ ಮಾಲೀಕರ ಜಾಗಕ್ಕೆ ಬರುತ್ತಾರೆ. ನೋಟಿಸನ್ನು ಇಬ್ಬರಿಗೂ ಕಳಿಸಿ. ಅಡ್ವಾನ್ಸ್ ಹೊಸಬರಿಗೆ ವರ್ಗವಾಗಿದೆ ಎಂದು ಇಬ್ಬರ ಸಹಿಯ ಪತ್ರ ಪಡೆಯದೆ ಹೊಸಬರಿಗೆ ಬಾಡಿಗೆ ಕಟ್ಟಲು ಶುರುಮಾಡಿದವರೇ ಆಮೇಲೆ ಇಬ್ಬರ ಮಧ್ಯೆ ಅಲೆಯುವುದು.

ಬಾಡಿಗೆ 50,000 ಮೇಲಿದೆ. ಬಿಡುವಾಗ ತೆರಿಗೆ ಏನಾದರೂ ಇದೆಯಾ?

ಇದೆ, ಬಹಳ ಜನ ಮರೆಯುವುದು ಇದನ್ನೇ. ತಿಂಗಳ ಬಾಡಿಗೆ 50,000 ಮೀರಿದರೆ ಸಂಬಳದಾರ ಬಾಡಿಗೆದಾರನೂ ಬಾಡಿಗೆಯಲ್ಲಿ 2% ಟಿಡಿಎಸ್ (ಮೂಲದಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿತ ಮಾಡಬೇಕು (2024ರ ಸೆಪ್ಟೆಂಬರ್ ತನಕ ಇದು 5% ಇತ್ತು). ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಮಾಡುವ ಕಡಿತವನ್ನು ಮಧ್ಯದಲ್ಲಿ ಮನೆ ಬಿಡುವವರು ಕೊನೆಯ ತಿಂಗಳ ಬಾಡಿಗೆಯಲ್ಲೇ, ಆ ಆರ್ಥಿಕ ವರ್ಷದ ಅಷ್ಟೂ ಬಾಡಿಗೆಯ ಮೇಲೆ ಮಾಡಿ, ಆ ತಿಂಗಳು ಮುಗಿದು 30 ದಿನದೊಳಗೆ ಕಟ್ಟಬೇಕು. ಕೊನೆಯ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಂಡರೆ ಕಡಿತಕ್ಕೆ ಕೈಯಲ್ಲಿ ಹಣವೇ ಇರುವುದಿಲ್ಲ, ಮೊದಲೇ ಲೆಕ್ಕ ಹಾಕಿಕೊಳ್ಳಿ.

ಮುಂದಿನ ತಿಂಗಳುಗಳಿಗೆ ಸಹಿ ಹಾಕಿದ ಚೆಕ್‌ಗಳು ಅವರ ಬಳಿ ಇವೆ. ಬ್ಯಾಂಕ್‌ಗೆ ಹೇಳಿ ತಡೆದರೆ ಸಾಕಾ?

ತಡೆಯುವುದಕ್ಕಿಂತ ವಾಪಸ್ ಪಡೆಯುವುದು ಒಳ್ಳೆಯದು. ತಡೆದ ಚೆಕ್ ಅಮಾನ್ಯವಾಗಿ ಹಿಂದಿರುಗಿದರೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ಕಲಂ 138ರ ದೂರಿಗೆ (ಚೆಕ್ ಅಮಾನ್ಯದ ಕ್ರಿಮಿನಲ್ ದೂರು) ಆಸ್ಪದವಾಗುತ್ತದೆ. ಆಗ ‘ಆ ದಿನಕ್ಕೆ ಬಾಕಿ ಸಾಲವೇ ಇರಲಿಲ್ಲ’ ಎಂದು ನೀವು ತೋರಿಸಬೇಕು, ಕೆಲಸಕ್ಕೆ ಬರುವುದು ಕೀ ಕೊಟ್ಟ ದಿನ ಇಬ್ಬರೂ ಸಹಿ ಹಾಕಿದ ಸ್ವಾಧೀನ ರಸೀದಿ. ಚೆಕ್ ನಂಬರುಗಳನ್ನು ಮನೆ ಬಿಡುವ ನೋಟಿಸ್‌ನಲ್ಲೇ ಬರೆದು ಹಿಂದಿರುಗಿಸಲು ಕೇಳಿ. ಮಾಲೀಕರಿಂದ ಹಣ ಕೇಳುವ ನೋಟಿಸ್ ಬಂದರೆ ಸುಮ್ಮನಿರಬೇಡಿ. ಕೈಸೇರಿದ ದಿನದಿಂದ 15 ದಿನಗಳ ಒಳಗೆ ಹಣ ಕೊಡಬೇಕು ಅಥವಾ ಏಕೆ ಕೊಡಬೇಕಿಲ್ಲ ಎಂದು ವಕೀಲರ ಮೂಲಕ ಉತ್ತರಿಸಬೇಕು.